ಪದಚರ್ಚೆ: ತಲೆಬರಹದೊಳಗೆ ‘ಶರಣು’ ಹೇಗೆ ಬಂತು?

ಗೆಳೆಯರೇ,

ಸಾವಿನ ಸುದ್ದಿಗಳ ತಲೆಬರಹದಲ್ಲಿ ಎರಡು ಪದಗಳು ಒಂದೇ ಜಾಗದಲ್ಲಿ ಕೂರುತ್ತವೆ: ‘ಬಲಿ’ ಮತ್ತು ‘ಶರಣು’. ಹೃದಯಾಘಾತಕ್ಕೆ ಬಲಿ, ಡೆಂಗಿಗೆ ಬಲಿ, ಅಪಘಾತಕ್ಕೆ ಬಲಿ. ಆದರೆ ಆತ್ಮಹತ್ಯೆಗೆ ಶರಣು, ನೇಣಿಗೆ ಶರಣು. ಎರಡರ ಕಟ್ಟಣೆಯೂ ಒಂದೇ: ಚತುರ್ಥಿ ವಿಭಕ್ತಿ, ಅದರ ಬೆನ್ನಿಗೊಂದು ನಾಮಪದ, ಕ್ರಿಯಾಪದಕ್ಕೆ ರಜೆ. ಹೊಣೆ ಮಾತ್ರ ತಿರುಗುಮುರುಗು. ಬಲಿಯಾದವರು ಏನೂ ಮಾಡಿದವರಲ್ಲ. ಶರಣಾದವರು ತಾವಾಗಿಯೇ ಹೋಗಿ ಸೋಲೊಪ್ಪಿಕೊಂಡವರು. ‘ಹೃದಯಾಘಾತಕ್ಕೆ ಶರಣು’ ಎಂದು ಯಾರಾದರೂ ಬರೆದದ್ದನ್ನು ನಾನಂತೂ ಓದಿಲ್ಲ.

ಶರಣವೆಂದರೆ ಆಸರೆ. ಶರಣು ಹೋಗುವುದು ಕಾಪಾಡಬಲ್ಲವರ ಬಳಿಗೆ. 12ನೇ ಶತಮಾನದ ವಚನಕಾರರಿಂದಾಗಿ ‘ಶರಣ’ ನಮ್ಮಲ್ಲಿ ಗೌರವದ ಪದ, ‘ಶರಣು ಶರಣಾರ್ಥಿ’ ನಮಸ್ಕಾರದ ಮಾತು. ಇದರ ಜೊತೆಗೇ ಕಾಳಗದಲ್ಲಿ ಸೋತವರು ಶರಣಾಗುವ ಅರ್ಥವೂ ಉಂಟು. ಪತ್ರಿಕೆಗಳ ‘ಪೊಲೀಸರಿಗೆ ಶರಣು’, ಕ್ರಿಕೆಟ್ ವರದಿಯ ‘ಸ್ಪಿನ್ ದಾಳಿಗೆ ಶರಣು’ ಬಂದದ್ದು ಅಲ್ಲಿಂದ. ಸಾವಿನ ಸುದ್ದಿಯ ‘ಶರಣು’ ಕೂಡ ಈ ಎರಡನೆಯ ಸಾಲಿಗೇ ಸೇರಿದ್ದೆಂದು ನನ್ನ ಊಹೆ. ಆದರೆ ಮೊದಲನೆಯ ಅರ್ಥದ ನೆರಳು ಅದನ್ನು ಪೂರ್ತಿ ಬಿಟ್ಟಿಲ್ಲ. ಸಾವೇ ಒಂದು ಆಸರೆ ಎಂಬ ದನಿ ಹೊರಡುತ್ತದೆ. ಬರೆದವರ ಮನಸ್ಸಿನಲ್ಲಿ ಅದಿರಲಿಕ್ಕಿಲ್ಲ. ಓದುವವರು ಸಂಕಟದಲ್ಲಿದ್ದರೆ ಅದು ಬೇರೆಯೇ ಕೇಳಿಸೀತು.

ಉಪಸಂಪಾದಕರ ಕಷ್ಟವೂ ಗೊತ್ತು. ‘ಮಾಡಿಕೊಂಡ’ ಎನ್ನಬೇಕೋ, ‘ಮಾಡಿಕೊಂಡಳು’ ಎನ್ನಬೇಕೋ, ಸತ್ತವರಿಗೆ ಬಹುವಚನ ಕೊಡಬೇಕೋ? ‘ಶರಣು’ ಎಂದರೆ ಲಿಂಗವಿಲ್ಲ, ವಚನವಿಲ್ಲ, ಜಾಗವೂ ಉಳಿತಾಯ. ಇಷ್ಟು ಅನುಕೂಲದ ಪದವನ್ನು ಬಿಡಿ ಎಂದರೆ ಬದಲಿಗೆ ಏನಾದರೂ ಕೊಡಬೇಕಲ್ಲ!

ಆತ್ಮಹತ್ಯೆಯ ಸುದ್ದಿಯನ್ನು ಹೇಗೆ ಬರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ 2000ದಲ್ಲೇ ಸೂಚನೆಗಳನ್ನು ಕೊಟ್ಟಿತ್ತು. ಈಚಿನ ಪರಿಷ್ಕರಣೆ 2023ರದು. ವಿಧಾನವನ್ನು ವಿವರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ, ವೈಭವೀಕರಿಸಬೇಡಿ, ಸಹಾಯ ಎಲ್ಲಿ ಸಿಗುತ್ತದೆಂದು ಹೇಳಿ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಯೂ ಇದೇ ಜಾಡಿನದು. ಆದರೆ ‘ನೇಣಿಗೆ ಶರಣು’ ಎಂಬ ನುಡಿಗಟ್ಟಿನ ಹೊಟ್ಟೆಯೊಳಗೇ ವಿಧಾನ ಕೂತಿದೆ. ಸೂಚನೆ ಪಾಲಿಸಬೇಕೆಂದರೆ ನುಡಿಗಟ್ಟನ್ನೇ ಬಿಡಬೇಕು.

‘ಆತ್ಮಹತ್ಯೆಯಿಂದ ಸಾವು’ ಎಂಬುದನ್ನು ಕೆಲವರು ಬಳಸುತ್ತಿದ್ದಾರೆ. ಇಂಗ್ಲಿಷಿನ ಎರಕ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ‘ಜ್ವರದಿಂದ ಸಾವು’ ಎಂದು ಯಾವ ತಕರಾರೂ ಇಲ್ಲದೆ ಬರೆಯುತ್ತೇವೆ, ಹಾಗಾಗಿ ವ್ಯಾಕರಣದ ಅಡ್ಡಿಯಿಲ್ಲ, ಕಿವಿಗೆ ಹೊಂದಿಕೊಳ್ಳಬೇಕು ಅಷ್ಟೇ. ಆಡುಮಾತಿಗೆ ಹತ್ತಿರವಾದದ್ದು ‘ಜೀವ ಕಳ್ಕೊಂಡ್ರು’. ಅದರಲ್ಲಿ ಅಪಘಾತವೋ ಬೇರೆಯೋ ತಿಳಿಯದು ಎಂಬ ಆಕ್ಷೇಪವಿದೆ. ತಲೆಬರಹದಲ್ಲೇ ತಿಳಿಯಬೇಕೇಕೆ? ‘ವಿದ್ಯಾರ್ಥಿ ಸಾವು’ ಎಂದು ಬರೆದು ಉಳಿದದ್ದನ್ನು ಒಳಗೆ ಹೇಳಿದರೆ ನನಗೆ ಸಾಕು.

ಒಳಗೆ ಹೋದರೆ ಕಾದಿರುತ್ತದೆ ‘ಜೀವನದಲ್ಲಿ ಜಿಗುಪ್ಸೆಗೊಂಡು’. ಪೊಲೀಸ್ ದೂರಿನ ಭಾಷೆ ಹಾಗೆಯೇ ವರದಿಗೆ ಇಳಿದಿರಬೇಕು. ಕಾವ್ಯಮೀಮಾಂಸೆ ಓದಿದವರಿಗೆ ಜುಗುಪ್ಸೆ ಬೀಭತ್ಸ ರಸದ ಸ್ಥಾಯಿಭಾವ, ಅಂದರೆ ಅಸಹ್ಯ, ಹೇಸಿಗೆ. ಖಿನ್ನತೆಯಲ್ಲಿರುವವರು ಹೇಳಿಕೊಳ್ಳುವುದು ಅದನ್ನಲ್ಲ. ‘ಯಾವುದರಲ್ಲೂ ಮನಸ್ಸಿಲ್ಲ’, ‘ನಿದ್ದೆ ಹತ್ತಲ್ಲ’, ‘ಎದ್ದು ಮುಖ ತೊಳೆಯೋದೂ ಬೆಟ್ಟ ಅನ್ಸುತ್ತೆ’ ಎನ್ನುತ್ತಾರೆ. ‘ಜಿಗುಪ್ಸೆ’ ಎಂದು ಬರೆದೊಡನೆ ಕಾಯಿಲೆ ಹೋಗಿ, ಬದುಕಿನ ಬಗ್ಗೆ ಆ ವ್ಯಕ್ತಿ ಕೊಟ್ಟ ತೀರ್ಪಾಗಿಬಿಡುತ್ತದೆ.

‘ಮಾನಸಿಕ’ದ ಕಥೆ ಇನ್ನೂ ಗೋಜಲು. ‘ಅದೆಲ್ಲ ಮಾನಸಿಕ’ ಎಂದರೆ ಮಾತಿನಲ್ಲಿ ‘ನಿನಗೇನೂ ಆಗಿಲ್ಲ, ಬರೀ ಕಲ್ಪನೆ’ ಎಂದರ್ಥ. ‘ಮನಸ್ಸು ಮಾಡು’ ಎಂದರೆ ಸಂಕಲ್ಪ ಮಾಡು. ಹೀಗಿರುವಾಗ ‘ಮಾನಸಿಕ ಕಾಯಿಲೆ’ ಎಂದು ಹೇಳಿಕೊಂಡವರಿಗೆ ‘ಸ್ವಲ್ಪ ಮನಸ್ಸು ಮಾಡಿದ್ರೆ ಸರಿಹೋಗುತ್ತೆ ಬಿಡಿ’ ಎಂಬ ಉತ್ತರ ಸಿಗುವುದು ಬರೀ ನಿಷ್ಕರುಣೆಯಿಂದಲ್ಲ. ಪದವೇ ಆ ದಾರಿಗೆ ಎಳೆಯುತ್ತದೆ. ‘ಮಾನಸಿಕ ಅಸ್ವಸ್ಥ’ವಂತೂ ಒಂದು ಹಣೆಪಟ್ಟಿ. ಮಕ್ಕಳು ಊಟ ಮಾಡಿ ಅಸ್ವಸ್ಥರಾದರೆ ನಾಳೆ ಗುಣವಾಗಿ ಮನೆಗೆ ಹೋಗುತ್ತಾರೆ. ಆ ಪದದ ಮೊದಲಿಗೆ ‘ಮಾನಸಿಕ’ ಸೇರಿತೋ, ಆ ಅಸ್ವಸ್ಥತೆಗೆ ಕೊನೆಯೇ ಇಲ್ಲ. ವೈದ್ಯರು ನೋಡುವ ಮೊದಲೇ ‘ಮಾನಸಿಕ ಅಸ್ವಸ್ಥನಿಂದ ಹಲ್ಲೆ’ ಎಂದು ಪರದೆಯ ಮೇಲೆ ಬಂದುಬಿಡುತ್ತದೆ.

(ಸಿನಿಮಾದ ‘ಕರೆಂಟ್ ಕೊಡೋದು’, ಅಂದರೆ ಮಾನಸಿಕ ಕಾಯಿಲೆಗೆ ಕೊಡುವ ವಿದ್ಯುತ್ ಚಿಕಿತ್ಸೆ, ಬೇರೆ ಚರ್ಚೆಗೇ ಯೋಗ್ಯ. ಪರದೆಯ ಮೇಲೆ ಅದು ಕಿರುಚಾಟದ ಶಿಕ್ಷೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಆ ಚಿಕಿತ್ಸೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.)

ಕೊನೆಯದಾಗಿ ನನಗೆ ನಿಜವಾಗಿ ಬೇಕಾಗಿರುವ ಪದ. ಸಾಯುವ ಯೋಚನೆ ಬಂದು, ಅದನ್ನು ದಾಟಿ ಬದುಕಿದವರ ಕಥೆಗಳು ಓದುಗರಿಗೆ ರಕ್ಷಣೆಯಾಗಬಲ್ಲವೆಂಬ ಸುಳಿವು ಆಸ್ಟ್ರಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕ್ಕಿತು. ಅಂಥವರನ್ನು ಕನ್ನಡದಲ್ಲಿ ಏನೆನ್ನೋಣ? ‘ಯತ್ನ ವಿಫಲ’ ಎಂಬುದು ಬದುಕಿದ್ದನ್ನೇ ಸೋಲಾಗಿಸುತ್ತದೆ. ‘ಬದುಕುಳಿದವರು’ ಭೂಕಂಪಕ್ಕೆ, ವಿಮಾನ ಅಪಘಾತಕ್ಕೆ ಮೀಸಲಾದಂತಿದೆ. ಸದ್ಯಕ್ಕೆ ನಾನು ‘ದಾಟಿ ಬಂದವರು’ ಎಂದು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನೂ ಹಾಕುತ್ತೇನೆ.

ಹಳೆಯ ಪತ್ರಿಕೆಗಳ ಕಡತ ನೋಡಬಲ್ಲವರು ಸಾವಿನ ಸುದ್ದಿಯಲ್ಲಿ ‘ಶರಣು’ ಮೊದಲು ಯಾವಾಗ ಕಾಣಿಸಿಕೊಂಡಿತೆಂದು ತಿಳಿಸಿಯಾರೇ? ‘ದಾಟಿ ಬಂದವರು’ ಎಂಬುದಕ್ಕೆ ನಿಮ್ಮ ಕಡೆಯ ಆಡುಮಾತಿನಲ್ಲಿ ಇನ್ನೂ ಹಗುರಾದ, ಒಂದೇ ಪದದ ಬಳಕೆ ಇದೆಯೇ?