ಶಾರ್ಜಾದಲ್ಲಿ ಮೇಷ್ಟ್ರ ಕೆಲಸ, ವಯಸ್ಸು 61: ಶಾಲೆಯ ವಿಮೆ ಸಾಕೇ, ಊರಿನ ಪಾಲಿಸಿ ಬಿಡಬಹುದೇ?

ಶಿವಮೊಗ್ಗ_ಗಣಿತ

ಎಲ್ಲರಿಗೂ ನಮಸ್ಕಾರ. ಶಾರ್ಜಾದಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಯೊಂದರಿಂದ ಗಣಿತ ಶಿಕ್ಷಕನ ಕೆಲಸಕ್ಕೆ ಆಫರ್ ಲೆಟರ್ ಬಂದಿದೆ. ವಯಸ್ಸು 61. ಶುಗರ್, ಬಿಪಿ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಹೆಂಡತಿಗೆ 58, ಸದ್ಯಕ್ಕೆ ಊರಲ್ಲೇ ಇರುತ್ತಾರೆ. ಇಬ್ಬರ ಹೆಸರಲ್ಲೂ ಸೇರಿ 5 ಲಕ್ಷದ ಫ್ಲೋಟರ್ ಪಾಲಿಸಿ ಇದೆ, 9 ವರ್ಷದಿಂದ ಒಮ್ಮೆಯೂ ತಪ್ಪಿಲ್ಲ. ಮುಂದಿನ ರಿನ್ಯೂವಲ್‌ಗೆ ಎರಡು ತಿಂಗಳಿದೆ.

ಆಫರ್ ಲೆಟರ್‌ನಲ್ಲಿ ‘ಮೆಡಿಕಲ್ ಇನ್ಶೂರೆನ್ಸ್: ಬೇಸಿಕ್’ ಅಂತ ಒಂದೇ ಸಾಲು. ಈ ಬೇಸಿಕ್‌ನಲ್ಲಿ ಏನೇನು ಸಿಗುತ್ತದೆ? ಅಲ್ಲಿ ವಿಮೆ ಇರುವಾಗ ಇಲ್ಲಿಯ ಪ್ರೀಮಿಯಂ ಸುಮ್ಮನೆ ದಂಡವಲ್ಲವೇ? ಹೊರಡುವ ಮೊದಲು ಮಾಡಿ ಮುಗಿಸಬೇಕಾದ್ದು ಏನಾದರೂ ಇದೆಯೇ?

ಗಲ್ಫ್_ಎಚ್‌ಆರ್

ಮೇಷ್ಟ್ರೇ, ‘ಬೇಸಿಕ್’ ಅಂದರೆ ಹೆಚ್ಚಾಗಿ ಯುಎಇ ಸರ್ಕಾರ ಘೋಷಿಸಿದ, ವರ್ಷಕ್ಕೆ 320 ದಿರ್ಹಮ್ ಪ್ರೀಮಿಯಂನ ಪ್ಯಾಕೇಜೇ. 2025ರ ಜನವರಿ 1ರಿಂದ ಶಾರ್ಜಾ ಸೇರಿ ಉತ್ತರದ ಎಮಿರೇಟ್‌ಗಳಲ್ಲೂ ಖಾಸಗಿ ನೌಕರರಿಗೆ ವಿಮೆ ಕಡ್ಡಾಯವಾಯಿತು. ರೆಸಿಡೆನ್ಸಿ ವೀಸಾ ಕೊಡಿಸುವಾಗ, ನವೀಕರಿಸುವಾಗ ದುಡ್ಡು ಕಟ್ಟಬೇಕಾದವರು ಶಾಲೆಯವರು. ನಿಮ್ಮ ಸಂಬಳದಿಂದ ಮುರಿಯುತ್ತೇವೆ ಅಂದರೆ ಒಪ್ಪಬೇಡಿ.

ಅದರ ಲೆಕ್ಕ ಹೀಗಿದೆ. ಅಡ್ಮಿಟ್ ಆದರೆ ಬಿಲ್ಲಿನ ಶೇ. 20 ನಿಮ್ಮದು, ಆದರೆ ಒಂದು ಸಲಕ್ಕೆ 500 ದಿರ್ಹಮ್, ವರ್ಷಕ್ಕೆ 1,000 ದಿರ್ಹಮ್ ದಾಟುವುದಿಲ್ಲ. ಅದರ ಮೇಲಿನದು ಪೂರ್ತಿ ವಿಮೆಯವರದು. ಓಪಿಡಿಗೆ ಹೋದರೆ ಶೇ. 25, ಒಂದು ಭೇಟಿಗೆ ಹೆಚ್ಚೆಂದರೆ 100 ದಿರ್ಹಮ್. ಅದೇ ತೊಂದರೆಗೆ 7 ದಿನದೊಳಗೆ ಮತ್ತೆ ತೋರಿಸಿದರೆ ಏನೂ ಕೊಡಬೇಕಿಲ್ಲ. ದೀರ್ಘಕಾಲದ ಕಾಯಿಲೆಗೆ ವೇಟಿಂಗ್ ಪೀರಿಯಡ್ (ಪಾಲಿಸಿ ಶುರುವಾದ ಮೇಲೆ ಕ್ಲೇಮ್ ಸಿಗಲು ಕಾಯಬೇಕಾದ ಅವಧಿ) ಇಲ್ಲ. ಶುಗರ್, ಬಿಪಿ ಇರುವವರಿಗೆ ಇದು ದೊಡ್ಡ ಅನುಕೂಲ.

ಕೈ ಕಚ್ಚುವುದು ಔಷಧಿಯಲ್ಲಿ. ಅಲ್ಲಿ ಶೇ. 30 ನಿಮ್ಮದು, ಮೇಲಾಗಿ ವರ್ಷದ ಮಿತಿ 1,500 ದಿರ್ಹಮ್. ಎರಡು ಕಾಯಿಲೆಗೆ ತಿಂಗಳಿಗೆ 250 ದಿರ್ಹಮ್ ಔಷಧಿ ಆಯಿತು ಅನ್ನಿ, ಒಟ್ಟು ಬಿಲ್ಲನ್ನೇ ಲೆಕ್ಕ ಹಿಡಿದರೆ ಆರು ತಿಂಗಳಲ್ಲಿ ಮಿತಿ ಖಾಲಿ. ಮಿತಿಯನ್ನು ಎಣಿಸುವುದು ಒಟ್ಟು ಬಿಲ್ಲಿನ ಮೇಲೋ, ವಿಮೆಯ ಪಾಲಿನ ಮೇಲೋ ಎಂದು ಮೊದಲೇ ಬರಹದಲ್ಲಿ ಕೇಳಿ. ಎರಡನೆಯದು ನೆಟ್‌ವರ್ಕ್, ಅಂದರೆ ಈ ವಿಮೆ ನಡೆಯುವ ಆಸ್ಪತ್ರೆಗಳ ಪಟ್ಟಿ. ಪ್ಯಾಕೇಜ್ ಘೋಷಿಸಿದಾಗ ಹೇಳಿದ್ದು 7 ಆಸ್ಪತ್ರೆ, 46 ಕ್ಲಿನಿಕ್, 45 ಫಾರ್ಮಸಿ. ಮನೆ ಹಿಡಿಯುವ ಮೊದಲು ಪಟ್ಟಿ ತರಿಸಿಕೊಂಡು, ಹತ್ತಿರದಲ್ಲಿ ಯಾವುದಿದೆ ನೋಡಿ. ಪಕ್ಕದ ಬೀದಿಯಲ್ಲೇ ದೊಡ್ಡ ಆಸ್ಪತ್ರೆ ಇದ್ದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮಗೆ ಪ್ರಯೋಜನವಿಲ್ಲ.

ಸಹಿ ಹಾಕುವ ಮೊದಲು ಶಾಲೆಯ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ‘ಟೇಬಲ್ ಆಫ್ ಬೆನಿಫಿಟ್ಸ್’ ಕಳಿಸಿ ಅನ್ನಿ. ಎರಡು ಮೂರು ಪುಟದ ಕಾಗದ. ಅದರಲ್ಲಿ ವಾರ್ಷಿಕ ಮಿತಿ, ಔಷಧಿ ಮಿತಿ, ನೆಟ್‌ವರ್ಕ್ ಹೆಸರು, ‘ಟೆರಿಟೋರಿಯಲ್ ಸ್ಕೋಪ್’ (ವಿಮೆ ಯಾವ ಜಾಗಗಳಲ್ಲಿ ನಡೆಯುತ್ತದೆ) ಎಂಬ ನಾಲ್ಕು ಸಾಲು ಓದಿದರೆ ಸಾಕು. ಕೆಲವು ಶಾಲೆಗಳು ಸೀನಿಯರ್ ಶಿಕ್ಷಕರಿಗೆ ಒಂದು ಮೆಟ್ಟಿಲು ಮೇಲಿನ ಗ್ರೂಪ್ ಪಾಲಿಸಿ ಕೊಡುತ್ತವೆ, ಆದರೆ ಕೇಳಿದವರಿಗೆ ಮಾತ್ರ. ಸಂಬಳ ಏರಿಸಿ ಅನ್ನುವುದಕ್ಕಿಂತ ಇದನ್ನು ಕೇಳುವುದು ಸುಲಭ.

ಇನ್ನೊಂದು ವಿಷಯ. 320ರ ದರ 64 ವಯಸ್ಸಿನವರೆಗೆ. ದಾಟಿದರೆ ಆರೋಗ್ಯ ವಿವರದ ಫಾರ್ಮ್, ಇತ್ತೀಚಿನ ವೈದ್ಯಕೀಯ ವರದಿ ಕೊಡಬೇಕಾಗುತ್ತದೆ. ನಿಮಗದು ಮೂರು ನಾಲ್ಕು ವರ್ಷದಲ್ಲೇ ಎದುರಾಗುತ್ತದೆ.

ಪಾಲಿಸಿ_ಪಕ್ಕಾ

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ: ಊರಿನ ಪಾಲಿಸಿ ಬಿಡಬೇಡಿ. ಅಲ್ಲಿಯ ವಿಮೆ ಎಷ್ಟೇ ಚೆನ್ನಾಗಿರಲಿ, ಅದು ವೀಸಾದ ಬಾಲ. ಕೆಲಸ ಮುಗಿದು ವೀಸಾ ರದ್ದಾದರೆ ಅದೂ ಹೋಯಿತು. ಆಗ ನಿಮಗೆ 65 ಆಗಿರುತ್ತದೆ, ಕೈಯಲ್ಲಿ ಪಾಲಿಸಿ ಇರುವುದಿಲ್ಲ.

2024ರ ಏಪ್ರಿಲ್‌ನಿಂದ 65ರ ನಂತರವೂ ಹೊಸ ಪಾಲಿಸಿ ಕೊಳ್ಳಬಹುದು, ವಯಸ್ಸಿನ ತಡೆ ತೆಗೆದಿದ್ದಾರೆ ನಿಜ. ಆದರೆ ಕೊಳ್ಳಬಹುದು ಅನ್ನುವುದೇ ಬೇರೆ, ಕಂಪನಿ ಒಪ್ಪುವುದೇ ಬೇರೆ. ಒಪ್ಪಿದರೂ ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು. ಕಣ್ಣಿನ ಪೊರೆ, ಹರ್ನಿಯಾದಂಥವಕ್ಕೆ ಸಾಮಾನ್ಯವಾಗಿ ಬೇರೆಯೇ 24 ತಿಂಗಳು. ಮೇಲೆ ಶೇ. 20ರಷ್ಟು ಕೋ-ಪೇ (ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಪಾಲು) ಇರಬಹುದು. ನಿಮ್ಮ 9 ವರ್ಷದ ಪಾಲಿಸಿಯಲ್ಲಿ ಈ ಕಾಯುವಿಕೆ ಎಲ್ಲಾ ತೀರಿ ಹೋಗಿದೆ. ಅದಕ್ಕಿಂತ ಮುಖ್ಯ, 60 ತಿಂಗಳ ಮೊರಟೋರಿಯಂ (ಹಳೆಯ ಕಾಯಿಲೆ ಮುಚ್ಚಿಟ್ಟಿರಿ ಎಂದು ಕಂಪನಿ ತಕರಾರು ತೆಗೆಯಬಹುದಾದ ಅವಧಿ) ದಾಟಿದ್ದೀರಿ. ವಂಚನೆ ಸಾಬೀತಾಗದ ಹೊರತು ‘ಅದನ್ನು ಹೇಳಿರಲಿಲ್ಲ’ ಎಂಬ ನೆಪದಲ್ಲಿ ಕ್ಲೇಮ್ ತಳ್ಳುವ ಹಾಗಿಲ್ಲ. ಇದನ್ನು ದುಡ್ಡು ಕೊಟ್ಟು ಮತ್ತೆ ಕೊಳ್ಳಲಾಗುವುದಿಲ್ಲ.

ಹೆಂಡತಿಯವರು ಊರಲ್ಲೇ ಇರುತ್ತಾರಲ್ಲ, ಅವರಿಗೆ ಇದೊಂದೇ ಆಸರೆ. ‘ದಂಡ’ ಎಂಬ ಮಾತು ಅಲ್ಲಿಗೇ ಬಿತ್ತು.

ಈಗ ಮಾಡಬೇಕಾದ್ದು. 5 ಲಕ್ಷ ಇವತ್ತಿಗೆ ಸಾಲದು. ಇದೇ ಪಾಲಿಸಿಯ ಮೊತ್ತ ಏರಿಸಿದರೆ ಏರಿಸಿದ ಭಾಗಕ್ಕೆ ಮಾತ್ರ ಹೊಸದಾಗಿ ವೇಟಿಂಗ್, ಮೊರಟೋರಿಯಂ ಶುರುವಾಗುತ್ತದೆ, ಹಳೆಯ 5 ಲಕ್ಷಕ್ಕೆ ಏನೂ ಆಗುವುದಿಲ್ಲ. ಇದಕ್ಕಿಂತ ಅಗ್ಗದ ದಾರಿ 5 ಲಕ್ಷ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್, ಅಂದರೆ ಮೊದಲ 5 ಲಕ್ಷ ಬಿಟ್ಟು ಅದರ ಮೇಲಿನದನ್ನು ಕೊಡುವ ಹೆಚ್ಚುವರಿ ಪಾಲಿಸಿ. ‘ಸೂಪರ್’ ಪದ ಇದೆಯೇ ನೋಡಿ. ಬರೀ ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ, ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸುತ್ತದೆ. 4 ಲಕ್ಷದ ಎರಡು ಬಿಲ್ ಬಂದರೆ ಬರೀ ಟಾಪ್-ಅಪ್‌ನಿಂದ ಒಂದು ಪೈಸೆಯೂ ಇಲ್ಲ, ಸೂಪರ್ ಟಾಪ್-ಅಪ್‌ನಿಂದ 3 ಲಕ್ಷ ಸಿಗುತ್ತದೆ. ಅದರ ವೇಟಿಂಗ್ ನೀವು ಶಾರ್ಜಾದಲ್ಲಿರುವಾಗಲೇ ಕಳೆಯುತ್ತದೆ. ಎಚ್‌ಬಿಎ1ಸಿ, ಇಸಿಜಿ, ಕ್ರಿಯಾಟಿನಿನ್ ಟೆಸ್ಟ್ ಕೇಳಬಹುದು, ಹಾಗಾಗಿ ವಿಮಾನ ಹತ್ತುವ ಮೊದಲೇ ಅರ್ಜಿ ಹಾಕಿ.

ಪೋರ್ಟ್ ಮಾಡುವ (ಹಳೆಯ ಹಕ್ಕು ಉಳಿಸಿಕೊಂಡು ಬೇರೆ ಕಂಪನಿಗೆ ಹೋಗುವ) ಯೋಚನೆಯಿದ್ದರೆ ರಿನ್ಯೂವಲ್‌ಗೆ ಕನಿಷ್ಠ 45 ದಿನ ಮೊದಲು ಅರ್ಜಿ ಹೋಗಬೇಕು. ನಿಮಗೆ ಉಳಿದಿರುವುದು ಎರಡೇ ವಾರ. ಹಳೆಯ ಪಾಲಿಸಿಯಲ್ಲಿ ರೂಮ್ ರೆಂಟ್ ಮಿತಿ ತೀರಾ ಕಡಿಮೆ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ. ಮಿತಿ 5,000 ಇದ್ದು 8,000ದ ರೂಮ್ ಹಿಡಿದರೆ ಕಳೆಯುವುದು 3,000 ಮಾತ್ರ ಅಂದುಕೊಳ್ಳುತ್ತಾರೆ. ಡಾಕ್ಟರ್ ಫೀ, ಓಟಿ ಚಾರ್ಜ್ ಎಲ್ಲವನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತಾರೆ.

ಪ್ರೀಮಿಯಂ ಬಗ್ಗೆ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಲೋಟರ್ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಮೊದಲು ಶೇ. 18 ಇತ್ತು. 60 ದಾಟಿದವರಿಗೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು. ತೆರಿಗೆಯಲ್ಲಿ ಒಂದು ಚಿಕ್ಕ ಪೆಟ್ಟು: ಪ್ರೀಮಿಯಂಗೆ ಸಿಗುವ ತೆರಿಗೆ ಕಡಿತದಲ್ಲಿ (80ಡಿ ಎಂದು ಕರೆಯುವುದು) ಹಿರಿಯರ 50,000ದ ಮಿತಿ ಭಾರತದ ನಿವಾಸಿಗಳಿಗಷ್ಟೇ. ಎನ್‌ಆರ್‌ಐ ಆದ ವರ್ಷ ನಿಮ್ಮದು 25,000ಕ್ಕೆ ಇಳಿಯುತ್ತದೆ, ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ ಮಾತ್ರ.

ಪಾಲಿಸಿ ಕೈತಪ್ಪುವುದು ಹೆಚ್ಚಾಗಿ ಮರೆವಿನಿಂದ. ಕರ್ನಾಟಕದ ಮೊಬೈಲ್ ನಂಬರ್ ಬಂದ್ ಆಗುತ್ತದೆ, ಓಟಿಪಿ ಬರುವುದಿಲ್ಲ, ಆಟೋ ಡೆಬಿಟ್ ಖಾತೆಯಲ್ಲಿ ದುಡ್ಡಿರುವುದಿಲ್ಲ. ವರ್ಷದ ಪ್ರೀಮಿಯಂಗೆ 30 ದಿನ ಗ್ರೇಸ್ ಉಂಟು, ಅದರೊಳಗೆ ಕಟ್ಟಿದರೆ ಹಳೆಯ ಹಕ್ಕು ಉಳಿಯುತ್ತದೆ. ಆದರೆ ಆ ಖಾಲಿ ದಿನಗಳಲ್ಲಿ ಅಡ್ಮಿಟ್ ಆದರೆ ಕ್ಲೇಮ್ ಸಿಗುವುದಿಲ್ಲ. ವಿದೇಶದ ವಿಳಾಸ, ನಂಬರ್, ಎನ್‌ಆರ್‌ಇ ಖಾತೆ (ಅನಿವಾಸಿಗಳ ಬ್ಯಾಂಕ್ ಖಾತೆ) ವಿವರ ಕಂಪನಿಗೆ ಕೊಟ್ಟು, ಬದಲಾವಣೆ ದಾಖಲಾಯಿತು ಎನ್ನುವ ಎಂಡಾರ್ಸ್‌ಮೆಂಟ್ ಕಾಗದ ಪಡೆಯಿರಿ.

ಕರಾವಳಿ_ಸಿಸ್ಟರ್

ಮೇಲಿನವರು ದುಡ್ಡಿನ ಲೆಕ್ಕ ಹೇಳಿದರು, ನಾನು ವಾರ್ಡಿನ ಕಡೆಯಿಂದ ಎರಡು ಮಾತು.

ಕ್ಲೇಮ್ ಕೆಡುವುದು ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲಿನಲ್ಲಿ. ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ‘ಶುಗರ್ ಯಾವಾಗಿನಿಂದ?’ ರೋಗಿ ಜ್ವರದಲ್ಲಿ ‘ಹತ್ತು ಹನ್ನೆರಡು ವರ್ಷ ಆಗಿರಬೇಕು’ ಅಂತಾರೆ. ‘ಕೆ/ಸಿ/ಒ ಡಿಎಂ, 12 ವರ್ಷ’ (12 ವರ್ಷದಿಂದ ಶುಗರ್ ಇರುವವರು) ಎಂದು ಕೂತುಬಿಡುತ್ತದೆ. ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಪೋಸಲ್ ಫಾರ್ಮ್‌ನಲ್ಲಿ 6 ವರ್ಷ ಎಂದಿದ್ದರೆ ಅಲ್ಲಿಂದಲೇ ಪ್ರಶ್ನೆ ಶುರು. ಹಳೆಯ ಪಾಲಿಸಿಯಲ್ಲಿ ಮೊರಟೋರಿಯಂ ದಾಟಿದ್ದು ನಿಮ್ಮನ್ನು ಕಾಪಾಡಬಹುದು, ಹೊಸ ಸೂಪರ್ ಟಾಪ್-ಅಪ್‌ನಲ್ಲಿ ಆ ರಕ್ಷಣೆ ಇರುವುದಿಲ್ಲ. ಹಾಗಾಗಿ ಶುಗರ್‌ಗೆ ಡಾಕ್ಟರ್ ಬರೆದ ಮೊದಲ ಚೀಟಿಯ ದಿನಾಂಕ ಹುಡುಕಿ, ಅದೇ ಇಸವಿಯನ್ನು ಎಲ್ಲಾ ಕಡೆ ಬರೆಯಿರಿ. ಮನೆಯವರಿಗೂ ಬರೆದು ಕೊಡಿ.

ವೀಸಾಗೆ ಮಾಡುವ ಮೆಡಿಕಲ್‌ನಲ್ಲಿ ಎದೆಯ ಎಕ್ಸ್‌ರೇ, ರಕ್ತದ ಸೋಂಕು ಪರೀಕ್ಷೆ ಇರುತ್ತದೆ. ನೋಡುವುದು ಟಿಬಿ, ಎಚ್‌ಐವಿ ಥರದ್ದನ್ನು. ಅದರಲ್ಲಿ ಪಾಸಾದೆ ಅಂತ ವಿಮೆ ಫಾರ್ಮ್‌ನಲ್ಲಿ ‘ಕಾಯಿಲೆ ಇಲ್ಲ’ ಎಂದು ಟಿಕ್ ಹಾಕಬೇಡಿ. ಎರಡಕ್ಕೂ ಸಂಬಂಧವೇ ಇಲ್ಲ.

ಮಾತ್ರೆ: ಮೊದಲ ತಿಂಗಳುಗಳಿಗೆ ಬೇಕಾದಷ್ಟು ತೆಗೆದುಕೊಂಡು ಹೋಗಿ, ಆದರೆ ಮೂಲ ಪ್ಯಾಕಿನಲ್ಲೇ, ಚೀಟಿ ಸಮೇತ. ಚೀಟಿಯಲ್ಲಿ ಬ್ರಾಂಡ್ ಬದಲು ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಎಂದು ಔಷಧಿಯ ಹೆಸರೇ ಬರೆಸಿ, ಅಲ್ಲಿಯ ಡಾಕ್ಟರಿಗೆ ನಮ್ಮ ಬ್ರಾಂಡ್ ತಿಳಿಯುವುದಿಲ್ಲ. ಶುಗರ್‌ನಿಂದ ಪಾದ ಉರಿಗೆ ಪ್ರಿಗಬಾಲಿನ್ ತೆಗೆದುಕೊಳ್ಳುತ್ತಿದ್ದರೆ ಎಚ್ಚರ. ಅದು, ಟ್ರಮಡಾಲ್, ಕೋಡೀನ್ ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ, ಒಯ್ಯಲು ಅಲ್ಲಿಯ ಸರ್ಕಾರದ ಮುಂಗಡ ಅನುಮತಿ ಬೇಕು.

ಶಿವಮೊಗ್ಗ_ಗಣಿತ

ತುಂಬಾ ಉಪಕಾರವಾಯಿತು. ರೂಮ್ ರೆಂಟ್ ಮಿತಿ ಇಲ್ಲ, ನೋಡಿದೆ. ಪೋರ್ಟ್ ಬೇಡ, ಸೂಪರ್ ಟಾಪ್-ಅಪ್‌ಗೆ ಅರ್ಜಿ ಹಾಕುತ್ತೇನೆ. ಒಂದೇ ಸಂದೇಹ: ಮುಂದಿನ ವರ್ಷ ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಂಡರೆ ಶಾಲೆಯ ವಿಮೆ ಅವರಿಗೂ ಬರುತ್ತದೆಯೇ?

ಗಲ್ಫ್_ಎಚ್‌ಆರ್

ಶಾರ್ಜಾದಲ್ಲಿ ಅದು ಶಾಲೆಯ ಹೊಣೆಯಲ್ಲ. ಕಾಂಟ್ರಾಕ್ಟ್‌ನಲ್ಲಿ ‘ಸ್ಪೌಸ್’ ಎಂದು ಬರೆದಿದ್ದರೆ ಮಾತ್ರ ಸಿಗುತ್ತದೆ, ಬಾಯಿಮಾತು ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಸ್ಪಾನ್ಸರ್ ಆದ ನೀವೇ ಅಲ್ಲಿಯ ಕಂಪನಿಯಿಂದ ಕೊಳ್ಳಬೇಕು. ಎರಡು ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದರೆ ಟ್ರಾವೆಲ್ ಪಾಲಿಸಿ ಸಾಕು, ಆದರೆ ಮೊದಲೇ ಇದ್ದ ಕಾಯಿಲೆಗೆ ಅದು ಹೆಚ್ಚಾಗಿ ಆಗುವುದಿಲ್ಲ. ಊರಿನ ಫ್ಲೋಟರ್ ಭಾರತದಲ್ಲಿ ಪಡೆದ ಚಿಕಿತ್ಸೆಗಷ್ಟೇ.

ಪಾಲಿಸಿ_ಪಕ್ಕಾ

ಇಷ್ಟು ಸೇರಿಸುತ್ತೇನೆ. ನೀವು ಅಲ್ಲಿರುವಾಗ ಇಲ್ಲಿ ಹೆಂಡತಿಯವರು ಅಡ್ಮಿಟ್ ಆದರೆ ಓಡಾಡುವವರು ಬೇಕು. ಹತ್ತಿರದ ನೆಟ್‌ವರ್ಕ್ ಆಸ್ಪತ್ರೆ, ಪಾಲಿಸಿ ಸಂಖ್ಯೆ, ಟಿಪಿಎ (ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ನಂಬರ್ ಒಂದು ಹಾಳೆಯಲ್ಲಿ ಬರೆದು ನಂಬಿಕಸ್ಥರ ಕೈಗೆ ಕೊಡಿ. ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ 1 ಗಂಟೆಯಲ್ಲಿ, ಡಿಸ್ಚಾರ್ಜ್ ಮಂಜೂರಾತಿಗೆ 3 ಗಂಟೆಯಲ್ಲಿ ಉತ್ತರಿಸಬೇಕು. ತಡ ಮಾಡಿದರೆ ಆಸ್ಪತ್ರೆ ಹಾಕುವ ಹೆಚ್ಚುವರಿ ಚಾರ್ಜ್ ಕಂಪನಿಯ ತಲೆಗೇ. ಕ್ಲೇಮ್ ತಳ್ಳಿದರೆ ಮೊದಲು ಕಂಪನಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ವಿಮೆ ದೂರು ತೀರ್ಮಾನಿಸುವ ಅಧಿಕಾರಿ) ಬಳಿ ಹೋಗಿ. 50 ಲಕ್ಷದವರೆಗಿನ ತಕರಾರು ಅಲ್ಲಿ ತೀರುತ್ತದೆ, ಫೀಸಿಲ್ಲ, ವಕೀಲರೂ ಬೇಡ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೆ.