ಥೈರಾಯ್ಡ್ ಹಾರ್ಮೋನ್ ಕೊಟ್ಟಾಗ ಮೀನಿನ ಶಂಕು ಕೋಶಗಳಲ್ಲಿ ಬದಲಾಗುವುದು ಏನು?

ಕಡಲಮಗಳು, ಅಂಧೇರಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಕ್ರಾಫರ್ಡ್ ಮಾರುಕಟ್ಟೆಯಿಂದ ತಂದ ಜೀಬ್ರಾ ಮೀನುಗಳ ತೊಟ್ಟಿಗೆ ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನ್ ಬೆರೆಸಿ, ಅವುಗಳ ಬಣ್ಣದ ದೃಷ್ಟಿ ಬದಲಾಗುತ್ತದೆಯೇ ಎಂದು ಪರೀಕ್ಷಿಸುವ ಯೋಚನೆಯಿದೆ. ಈ ಮೀನಿನ ಅಕ್ಷಿಪಟಲದಲ್ಲಿ ನೇರಳಾತೀತ, ನೀಲಿ, ಹಸಿರು, ಕೆಂಪು ಎಂದು ನಾಲ್ಕು ಬಗೆಯ ಶಂಕು ಕೋಶಗಳಿವೆ, ಅಂದರೆ ಬಣ್ಣ ಗುರುತಿಸುವ ಕೋಶಗಳು. ಕೆಂಪು ಕೋಶ ಹುಟ್ಟಲು ಥೈರಾಯ್ಡ್ ಸಂಕೇತ ಬೇಕೆಂದು ಒಂದು ಲೇಖನ ಹೇಳಿದರೆ, ಇದ್ದ ಕೋಶದಲ್ಲೇ ಆಪ್ಸಿನ್ ಎಂಬ ಬೆಳಕು ಹಿಡಿಯುವ ಪ್ರೋಟೀನ್ ಬದಲಾಗುತ್ತದೆ ಎಂದು ಇನ್ನೊಂದು ಹೇಳುತ್ತದೆ. ಮತ್ತೊಂದು ವಿಟಮಿನ್ ಎ ಮಾತೆತ್ತುತ್ತದೆ. ಇವೆಲ್ಲ ಒಂದೇ ಸಂಗತಿಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮುಠಾತೀರ, ಪುಣೆ

ಮೂರೂ ನಿಜ, ಆದರೆ ಮೂರೂ ಬೇರೆ ಬೇರೆ.

ಮೊದಲನೆಯದು ಕೋಶದ ಹುಟ್ಟಿನದು. ಥೈರಾಯ್ಡ್ ಗ್ರಾಹಕದ, ಅಂದರೆ ಕೋಶದಲ್ಲಿ ಆ ಹಾರ್ಮೋನನ್ನು ಹಿಡಿಯುವ ಪ್ರೋಟೀನಿನ, ಬೀಟಾ-2 ರೂಪವಿಲ್ಲದ ಇಲಿಗಳಲ್ಲಿ ಹಸಿರು ಬೆಳಕಿನ ಆಪ್ಸಿನ್ ತಯಾರಾಗುವುದಿಲ್ಲವೆಂದು 2001ರಲ್ಲಿ ತಿಳಿಯಿತು. ಜೀಬ್ರಾ ಮೀನಿನ ಮರಿಗಳಲ್ಲಿ ಅದೇ ಗ್ರಾಹಕವನ್ನು ತಡೆದಾಗ ಕೆಂಪು ಶಂಕುಗಳು ಇಲ್ಲವಾಗಿ ನೇರಳಾತೀತ ಶಂಕುಗಳು ಹೆಚ್ಚಿದ್ದು 2013ರಲ್ಲಿ ವರದಿಯಾಯಿತು. ಆದರೆ ಗ್ರಾಹಕ ಬೇಕು ಎಂದಮಾತ್ರಕ್ಕೆ ಹಾರ್ಮೋನೂ ಬೇಕೇ ಬೇಕು ಎಂದಾಗುವುದಿಲ್ಲ. ಥೈರಾಯ್ಡ್ ಗ್ರಂಥಿಯನ್ನು ನಾಶಪಡಿಸಿದ ಮೀನುಗಳಲ್ಲೂ ಕೆಂಪು ಶಂಕುಗಳಿರುತ್ತವೆ. ಈ ವ್ಯತ್ಯಾಸವನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಎರಡನೆಯದು. ಜೀಬ್ರಾ ಮೀನಿನ ಕೆಂಪು ಆಪ್ಸಿನ್‌ಗೆ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲೇ ಎರಡು ಜೀನ್‌ಗಳಿವೆ: ಒಂದರ ವರ್ಣಕ ಸುಮಾರು 558 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ, ಇನ್ನೊಂದರದು 548ರ ಆಸುಪಾಸಿನದು. ಎಳೆ ಮರಿಯಲ್ಲಿ 548ರ ಜೀನೇ ಮುಂದು. ಹಾರ್ಮೋನ್ ಸಿಕ್ಕಾಗ ಅದು ತಗ್ಗಿ 558ರದು ಏರುತ್ತದೆ, ಅದೂ ಅದೇ ಕೋಶದೊಳಗೆ. ಸಾಲ್ಮನ್ ಬಳಗದಲ್ಲಿಯೂ ಇಂಥದ್ದಿದೆ. ಹೊಳೆಯಲ್ಲಿರುವ ಎಳೆ ಮೀನಿನ ಒಂಟಿ ಶಂಕುಗಳಲ್ಲಿ ನೇರಳಾತೀತ ಆಪ್ಸಿನ್ ಇರುತ್ತದೆ, ಬೆಳೆದಂತೆ ಅವೇ ಕೋಶಗಳು ನೀಲಿ ಆಪ್ಸಿನ್‌ಗೆ ಹೊರಳುತ್ತವೆ. ಹೊರಗಿನಿಂದ ಥೈರಾಯ್ಡ್ ಹಾರ್ಮೋನ್ ಕೊಟ್ಟರೆ ನೇರಳಾತೀತ ಆಪ್ಸಿನ್ ಬೇಗನೆ ಕಡಿಮೆಯಾಗುತ್ತದೆ.

ಮೂರನೆಯದರಲ್ಲಿ ಆಪ್ಸಿನ್ ಬದಲಾಗುವುದೇ ಇಲ್ಲ, ಅದರೊಳಗೆ ಕೂರುವ, ವಿಟಮಿನ್ ಎಯಿಂದ ಆಗುವ ರೆಟಿನಲ್ ಎಂಬ ಅಣು ಬದಲಾಗುತ್ತದೆ. ಅಕ್ಷಿಪಟಲದ ಹಿಂದಿನ ವರ್ಣಕ ಪದರದಲ್ಲಿ ಸಿವೈಪಿ27ಸಿ1 ಎಂಬ ಕಿಣ್ವವನ್ನು ಹಾರ್ಮೋನ್ ಎಬ್ಬಿಸುತ್ತದೆ, ಅದು ವಿಟಮಿನ್ ಎ1ನ್ನು ಎ2 ಮಾಡುತ್ತದೆ. ಪರಿಣಾಮ ಎಲ್ಲ ಶಂಕುಗಳಲ್ಲೂ ಸಮನಲ್ಲ: ಕೆಂಪು ಶಂಕುವಿನ ಸಂವೇದನೆ ಇನ್ನಷ್ಟು ಕೆಂಪಿನತ್ತ ಬಹಳ ದೂರ ಸರಿಯುತ್ತದೆ, ನೇರಳಾತೀತ ಶಂಕುವಿನದು ಹೆಚ್ಚುಕಡಿಮೆ ಇದ್ದಲ್ಲೇ ಉಳಿಯುತ್ತದೆ.

ಮಾಂಡವಿ, ಪಣಜಿ

ಪುಣೆಯ ಸರ್ ಹೇಳಿದ್ದಕ್ಕೆ ಚಪ್ಪಟೆ ಮೀನುಗಳನ್ನೂ ಸೇರಿಸಬಹುದು. ಇಲ್ಲಿನ ಮಾರುಕಟ್ಟೆಯಲ್ಲಿ ಸಿಗುವ ಲೇಪೊ, ಅಂದರೆ ನಮ್ಮ ಕರಾವಳಿಯ ನಂಗು, ಈ ಬಳಗದ್ದು. ಇವುಗಳ ಮರಿ ತಲೆಯ ಎರಡೂ ಬದಿಗೆ ಒಂದೊಂದು ಕಣ್ಣಿಟ್ಟುಕೊಂಡು ನೆಟ್ಟಗೆ ಈಜುತ್ತದೆ. ಚಪ್ಪಟೆ ಮೀನುಗಳ ರೂಪಾಂತರವನ್ನು ನಡೆಸುವುದು ಥೈರಾಯ್ಡ್ ಹಾರ್ಮೋನೇ, ಆಗಲೇ ಒಂದು ಕಣ್ಣು ಇನ್ನೊಂದು ಬದಿಗೆ ಬರುತ್ತದೆ. ಉತ್ತರ ಅಟ್ಲಾಂಟಿಕ್‌ನ ವಿಂಟರ್ ಫ್ಲೌಂಡರ್ ಮರಿಯಲ್ಲಿ ರೂಪಾಂತರಕ್ಕೆ ಮುಂಚೆ ಒಂದೇ ಬಗೆಯ ಶಂಕು ಕಂಡುಬಂದಿದೆ, ಆನಂತರ ಮೂರು ಬಗೆಯ ಶಂಕುಗಳೂ ಮಂದ ಬೆಳಕಿನಲ್ಲಿ ಕಾಣಿಸುವ ದಂಡ ಕೋಶಗಳೂ ಇರುತ್ತವೆ.

ಕಡಲಮಗಳು, ಅಂಧೇರಿ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬಲಿತ ಮೀನಿನಲ್ಲಿ ಕೆಂಪು ಬೆಳಕಿಗೆ ಪ್ರತಿಕ್ರಿಯೆ ಹೆಚ್ಚಿದರೆ, ಅದು ಎರಡನೆಯದೋ ಮೂರನೆಯದೋ ಎಂದು ತಿಳಿಯುವುದು ಹೇಗೆ ಸರ್?

ಮುಠಾತೀರ, ಪುಣೆ

ನಡವಳಿಕೆ ನೋಡಿ ತಿಳಿಯುವುದಿಲ್ಲ. ಅಕ್ಷಿಪಟಲದಿಂದ ಆರ್‌ಎನ್‌ಎ ತೆಗೆದು ಎರಡೂ ಕೆಂಪು ಆಪ್ಸಿನ್ ಜೀನ್‌ಗಳನ್ನು ಬೇರೆಬೇರೆಯಾಗಿ ಅಳೆಯಿರಿ, ವರ್ಣಕ ಪದರದಲ್ಲಿ ಆ ಕಿಣ್ವದ ಜೀನನ್ನೂ ನೋಡಿ. ಅಂಗಡಿಯ ಮೀನಿನ ವಯಸ್ಸೂ ಬೆಳೆದ ಬಗೆಯೂ ಗೊತ್ತಿರುವುದಿಲ್ಲವಾದ್ದರಿಂದ, ಅವುಗಳಿಂದ ಮೊಟ್ಟೆ ಪಡೆದು ಒಂದೇ ದಿನ ಹುಟ್ಟಿದ ಮರಿಗಳನ್ನು ನೀವೇ ಸಾಕುವುದು ಒಳ್ಳೆಯದು. ಥೈರಾಕ್ಸಿನ್ ಕರಗಿಸಲು ಸೋಡಿಯಂ ಹೈಡ್ರಾಕ್ಸೈಡ್ ಬಳಸುವುದಾದರೆ ಹೋಲಿಕೆಯ ತೊಟ್ಟಿಗೂ ಅಷ್ಟನ್ನೇ ಹಾಕಬೇಕು. ಸಾಧ್ಯವಾದರೆ ಇನ್ನೊಂದು ತೊಟ್ಟಿಯಲ್ಲಿ ಮೆಥಿಮಜೋಲ್‌ನಿಂದ ಮೀನಿನ ಸ್ವಂತ ಹಾರ್ಮೋನ್ ತಯಾರಿಕೆಯನ್ನು ತಡೆಯಿರಿ. 558ರ ಜೀನ್ ಅಲ್ಲಿ ಕುಗ್ಗಿ, ಥೈರಾಕ್ಸಿನ್ ಮರಳಿ ಕೊಟ್ಟಾಗ ಏರಿದರೆ, ಅದು ಹಾರ್ಮೋನಿನದೇ ಕೆಲಸವೆಂದು ನೀವು ಧೈರ್ಯವಾಗಿ ಬರೆಯಬಹುದು.