ಟಾರ್ಪಿಡೊ ಯಾವಾಗ್ಲೂ ಹಡಗಿನ ಮಧ್ಯಕ್ಕೇ ಬಡೀತಿದೆ, ಇಂಜಿನ್ ರೂಮಿಗೆ ಗುರಿ ಹಿಡಿಯೋದು ಹೇಗೆ?

ಮರಳೂರು_ಮೊಸಳೆ
ಸೈಲೆಂಟ್ ಹಂಟರ್ 3, ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಓಡಿಸೋ ಗೇಮ್. ತಲೆ ಕೆಟ್ಟೋಗಿದೆ. ಪೆರಿಸ್ಕೋಪ್‌ನಲ್ಲಿ ಇಂಜಿನ್ ರೂಮ್ ನೋಡ್ಕೊಂಡೇ ಬಿಡ್ತೀನಿ, ಟಾರ್ಪಿಡೊ ಹೋಗಿ ಹಡಗಿನ ಹೊಟ್ಟೆಗೇ ಬಡಿಯತ್ತೆ. ಹಡಗು ಒಂದು ಕಡೆ ವಾಲ್ಕೊಂಡು ಹಾಗೇ ಮುಂದಕ್ಕೆ ಹೋಗ್ತಾ ಇರತ್ತೆ. ಅಷ್ಟೊತ್ತಿಗೆ ಕಾವಲಿನ ಡಿಸ್ಟ್ರಾಯರ್ ಹಡಗು ಬಂದು ತಲೆ ಮೇಲೆ ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯೋ ಬಾಂಬು) ಸುರಿಯತ್ತೆ. ಸೆಟ್ಟಿಂಗ್ಸ್ ಎಲ್ಲಾ ಸರಿ ಇದೆ. ಗೊತ್ತಿರೋರು ದಯವಿಟ್ಟು ಹೇಳಿ.

ಬಿಹೆಚ್‌ರೋಡ್_ಬ್ಯಾಟರಿ
ಟಾರ್ಪಿಡೊ ಸಿಡಿಸೋ ಪಿಸ್ತೂಲನ್ನ ಇಂಪ್ಯಾಕ್ಟ್ (ಬಡಿದ್ರೆ ಸಿಡಿಯೋದು) ಇಟ್ಟಿರ್ತೀಯ ಗುರು. ಮ್ಯಾಗ್ನೆಟಿಕ್‌ಗೆ (ಹಡಗಿನ ಕಾಂತಕ್ಷೇತ್ರ ಸಿಕ್ಕಿದ್ರೆ ಸಿಡಿಯೋದು) ಹಾಕು, ಹಡಗಿನ ತಳಕ್ಕಿಂತ ಒಂದು ಮೀಟರ್ ಕೆಳಗೆ ಡೆಪ್ತ್ ಕೊಡು. ಬೆನ್ನುಮೂಳೆ ಮುರಿಯತ್ತೆ. ಆಮೇಲೆ ಮಧ್ಯಕ್ಕೆ ಬಿದ್ರೇನು, ಹಿಂದಕ್ಕೆ ಬಿದ್ರೇನು.

ಅಂತರಗಂಗೆ
ಯಾವ ಹಡಗು? ಯಾವ ಟಾರ್ಪಿಡೊ? ಎಷ್ಟು ದೂರದಿಂದ? ಲೆಕ್ಕ ನೀವೇ ಹಾಕ್ತೀರಾ, ವೆಪನ್ಸ್ ಆಫೀಸರ್ ಹಾಕ್ತಾನಾ? ಇಷ್ಟು ಗೊತ್ತಿಲ್ದೆ ಏನೂ ಹೇಳಕ್ಕಾಗಲ್ಲ.

ಮರಳೂರು_ಮೊಸಳೆ
ದೊಡ್ಡ ಹಡಗು ಸರ್. ಟಾರ್ಪಿಡೊ ಮಾಮೂಲಿ ಎಲೆಕ್ಟ್ರಿಕ್‌ದು. ಮ್ಯಾಗ್ನೆಟಿಕ್ ಹಾಕಿ ನೋಡ್ದೆ, ಆಗ್ಲೂ ಮಧ್ಯದ ಕೆಳಗೇ ಸಿಡೀತು.

ಬಿಹೆಚ್‌ರೋಡ್_ಬ್ಯಾಟರಿ
ಡೆಪ್ತ್ ತಪ್ಪಿರತ್ತೆ. ಇನ್ನರ್ಧ ಮೀಟರ್ ಮೇಲೆ ಕೊಡು.

ಕ್ಯಾತ್ಸಂದ್ರ_ಕ್ಯಾಪ್ಟನ್
ಮ್ಯಾಗ್ನೆಟಿಕ್ ನಂಬ್ಕೊಂಡು ಜರ್ಮನ್ನರೇ ಕೆಟ್ರು. 1940ರ ಏಪ್ರಿಲ್‌ನಲ್ಲಿ ನಾರ್ವೆ ಹತ್ರ ಟಾರ್ಪಿಡೊಗಳು ಮುಂಚೇನೇ ಸಿಡಿದ್ವು, ಇಲ್ಲಾ ಆಳಕ್ಕಿಳಿದು ಹಡಗಿನ ಕೆಳಗೇ ಹಾದು ಹೋದ್ವು. ಆಮೇಲೆ ಬರೀ ಇಂಪ್ಯಾಕ್ಟ್‌ನಲ್ಲೇ ಕೆಲಸ ನಡೆಸಿದ್ರು.

ಬಿಹೆಚ್‌ರೋಡ್_ಬ್ಯಾಟರಿ
ಅದು 1940ರ ಕಥೆ. ಆಮೇಲೆ ಸರಿ ಮಾಡಿದ್ರಲ್ಲ.

ಕ್ಯಾತ್ಸಂದ್ರ_ಕ್ಯಾಪ್ಟನ್
ಸರಿಯಾದ ಪಿಸ್ತೂಲ್ ಬಂದಿದ್ದು 1942ರ ಕೊನೆಗೆ. ಅಮೆರಿಕದವರ ಮಾರ್ಕ್ 14 ಟಾರ್ಪಿಡೊ ಇನ್ನೂ ಕೆಟ್ಟದಾಗಿತ್ತು. ಕೊಟ್ಟ ಡೆಪ್ತ್‌ಗಿಂತ ಹತ್ತಡಿ ಕೆಳಗೆ ಓಡ್ತಿತ್ತು, ನೇರವಾಗಿ ಬಡಿದ್ರೆ ಎಷ್ಟೋ ಸಲ ಸಿಡೀತಾನೇ ಇರ್ಲಿಲ್ಲ. 1943ರ ಜುಲೈನಲ್ಲಿ ಟಿನೋಸಾ ಅನ್ನೋ ಸಬ್‌ಮರೀನ್ ನಿಂತಿದ್ದ ಹಡಗಿಗೆ ಒಂದಾದ್ಮೇಲೊಂದು ಬಿಟ್ರೂ ಸುಮ್ನೆ ಟಣ್ ಅಂತ ಬಡಿದು ಬಿದ್ವು.

ಅಂತರಗಂಗೆ
ಇಬ್ರೂ ಸ್ವಲ್ಪ ತಡೀರಿ. ಮೊಸಳೆಯವರೇ, ಹಡಗಿನ ಹೆಸರು ಹೇಳಿ.

ಮರಳೂರು_ಮೊಸಳೆ
ಟಿ2 ಟ್ಯಾಂಕರ್ ಸರ್. 1942, ಕಾನ್ವಾಯ್ (ಕಾವಲಿನ ಜೊತೆ ಗುಂಪಾಗಿ ಹೋಗೋ ಹಡಗುಗಳು). ಸುಮಾರು 1500 ಮೀಟರಿಂದ ಬಿಟ್ಟೆ. ಲಾಕ್ ಹಾಕಿ, ಗುರಿ ಸರಿ ಇದೆ ಅಂತ ತೋರಿಸೋ ತ್ರಿಕೋನ ಹಸಿರಾದ ಮೇಲೇ ಬಿಟ್ಟಿದ್ದು.

ನಂದಿತಪ್ಪಲು
ಅಕೌಸ್ಟಿಕ್ ಟಾರ್ಪಿಡೊ ಹಾಕಿ ಬ್ರೋ. ಪ್ರೊಪೆಲ್ಲರ್ ಸದ್ದು ಹಿಡ್ಕೊಂಡು ತಾನಾಗೇ ಹಿಂಭಾಗಕ್ಕೆ ಹೋಗತ್ತೆ.

ಕ್ಯಾತ್ಸಂದ್ರ_ಕ್ಯಾಪ್ಟನ್
ಆ ಅಕೌಸ್ಟಿಕ್ ಟಾರ್ಪಿಡೊ, ಟಿ5, ಬಂದಿದ್ದೇ 1943ರ ಸೆಪ್ಟೆಂಬರ್‌ಗೆ, ಅವರು ಆಡ್ತಿರೋದು 1942. ಅದೂ ಅಲ್ದೆ ನಿಧಾನಕ್ಕೆ ಹೋಗೋ ಹಡಗಿನ ಸದ್ದು ಅದಕ್ಕೆ ಸರಿಯಾಗಿ ಸಿಗಲ್ಲ, ಕಾವಲು ಹಡಗು ಎಸ್ಕಾರ್ಟ್‌ಗಳಿಗೇ ಅಂತ ಮಾಡಿದ್ದು.

ಅಂತರಗಂಗೆ
ಸಮಸ್ಯೆ ಲಾಕ್‌ದು. ಲಾಕ್ ಹಾಕಿದ್ರೆ ಪೆರಿಸ್ಕೋಪ್ ಹಡಗಿನ ನಡುವನ್ನೇ ಹಿಡ್ಕೊಳ್ಳತ್ತೆ, ಟಾರ್ಪಿಡೊನೂ ಅಲ್ಲಿಗೇ ಹೋಗತ್ತೆ. ನೀವು ಕಣ್ಣಲ್ಲಿ ಇಂಜಿನ್ ರೂಮ್ ನೋಡ್ತಿದ್ರೂ ಅದಕ್ಕೆ ಗೊತ್ತಾಗಲ್ಲ.

ಲಾಕ್ ಹಾಕಿ, ಲೆಕ್ಕ ಕೂತ ಮೇಲೆ ಎಲ್ ಕೀ ಒತ್ತಿ ಬಿಡಿಸಿ. ವೇಗ, ದೂರ, ಕೋನ ಹಾಗೇ ಉಳಿಯತ್ತೆ, ಬೇರಿಂಗ್ (ಗುರಿಯ ದಿಕ್ಕು) ಮಾತ್ರ ಪೆರಿಸ್ಕೋಪ್ ಜೊತೆ ತಿರುಗತ್ತೆ. ಈಗ ನಡು ಗೆರೆಯನ್ನ ಬೇಕಾದ ಜಾಗಕ್ಕೆ ತಂದು ಬಿಡಿ. ಟಿ2ನಲ್ಲಿ ಇಂಜಿನ್ ಇರೋದು ಹಿಂದುಗಡೆ, ಚಿಮಣಿ ಕೆಳಗೆ. ಮಧ್ಯದಲ್ಲಿ ಕಾಣೋದು ಬ್ರಿಡ್ಜ್, ಅದರ ಕೆಳಗೆ ಬರೀ ತೈಲದ ಟ್ಯಾಂಕುಗಳು. ಒಂದೆರಡು ಒಡೆದ್ರೂ ಮಿಕ್ಕಿದ್ದು ತೇಲಿಸತ್ತೆ. 1942ರ ಆಗಸ್ಟ್‌ನಲ್ಲಿ ಒಹಾಯೊ ಅನ್ನೋ ಟ್ಯಾಂಕರ್ ಮಧ್ಯಕ್ಕೆ ಟಾರ್ಪಿಡೊ ತಿಂದು, ಮೇಲಿಂದ ಬಾಂಬೂ ತಿಂದು ಮಾಲ್ಟಾ ಸೇರ್ತು. ಲಿಬರ್ಟಿ ಹಡಗಾದ್ರೆ ಇಂಜಿನ್ ನಡುವೇ ಇರತ್ತೆ, ಅಲ್ಲಿ ಲಾಕ್ ಹಾಕೇ ಬಿಡಬಹುದು.

ಇದಕ್ಕಿಂತ ಮುಖ್ಯ, 1500 ಮೀಟರಿಂದ ಈ ಕೆಲಸ ಆಗಲ್ಲ. 30 ನಾಟ್ (ಹಡಗಿನ ವೇಗದ ಅಳತೆ) ಟಾರ್ಪಿಡೊಗೆ ಅಷ್ಟು ದೂರಕ್ಕೆ ಒಂದೂವರೆ ನಿಮಿಷದ ಮೇಲೆ ಬೇಕು. ಹಡಗಿನ ವೇಗ ಒಂದೇ ಒಂದು ನಾಟ್ ತಪ್ಪಿದ್ರೆ ಬಡಿಯೋ ಜಾಗ 50 ಮೀಟರ್ ಸರಿಯತ್ತೆ. ಟಿ2 ಉದ್ದವೇ 160 ಮೀಟರ್. 700ಕ್ಕೆ ಬಂದ್ರೆ ಅದೇ ತಪ್ಪು 23 ಮೀಟರ್‌ಗೆ ಇಳಿಯತ್ತೆ. 300ಕ್ಕಿಂತ ಹತ್ತಿರ ಹೋಗ್ಬೇಡಿ, ಸಿಡಿಯಲ್ಲ.

ಬಿಹೆಚ್‌ರೋಡ್_ಬ್ಯಾಟರಿ
ಇಷ್ಟೆಲ್ಲಾ ಯಾಕೆ? ಮ್ಯಾಗ್ನೆಟಿಕ್ ಎರಡು ಬಿಟ್ರೆ ಮುಗೀತು.

ಅಂತರಗಂಗೆ
ಎರಡು ಬಿಟ್ಟು ಮುಳುಗಿಸೋದು ಬೇರೆ, ಒಂದರಲ್ಲಿ ನಿಲ್ಲಿಸೋದು ಬೇರೆ. ಅವರು ಕೇಳಿದ್ದು ಎರಡನೇದು.

ಕ್ಯಾತ್ಸಂದ್ರ_ಕ್ಯಾಪ್ಟನ್
ವೇಗ ಅಳೆಯೋಕೆ ನಾನು ಡಯಲ್ ಕಾರ್ಡ್ ಮಾಡ್ಕೊಂಡಿದೀನಿ. ಎಸ್‌ಐಟಿ ಕಾಲೇಜ್ ಹತ್ರ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗ್ಸಿ ಲ್ಯಾಮಿನೇಷನ್ ಮಾಡ್ಸಿದ್ದು. ಎರಡು ಮಾನಿಟರ್, ಒಂದರಲ್ಲಿ ಬರೀ ಮ್ಯಾಪ್. ಅಟ್ಯಾಕ್ ಮಧ್ಯೆ ಕರೆಂಟ್ ಹೋದ್ರೆ ಅಂತ ಯುಪಿಎಸ್ ಬೇರೆ. ವೈಜಾಗ್ ಬೀಚಲ್ಲಿ ಕುರ್ಸುರಾ ಸಬ್‌ಮರೀನ್ ಒಳಗೆ ಹೋಗಿ ಟಾರ್ಪಿಡೊ ಟ್ಯೂಬ್ ನೋಡ್ಕೊಂಡು ಬಂದ್ಮೇಲೆ ರೂಮಲ್ಲಿ ಕೆಂಪು ಲೈಟೂ ಹಾಕ್ಸಿದೆ. ಯಾರಾದ್ರೂ ತುಮಕೂರು ಕಡೆ ಬಂದ್ರೆ ತಟ್ಟೆ ಇಡ್ಲಿ ತಿನ್ಕೊಂಡು ಹಾಗೇ ಸೆಟಪ್ ನೋಡ್ಕೊಂಡು ಹೋಗಿ.

ನಂದಿತಪ್ಪಲು
ಫೋಟೊ ಹಾಕಿ ಅಣ್ಣಾ. ಕೆಂಪು ಲೈಟಲ್ಲಿ ಕೀಬೋರ್ಡ್ ಕಾಣತ್ತಾ?

ಮರಳೂರು_ಮೊಸಳೆ
ಅಂತರಗಂಗೆ ಸರ್, ಲಾಕ್ ಬಿಡಿಸಿ ಹೊಡೆದೆ. ಮಧ್ಯಕ್ಕೆ ಹೋಗೋದು ನಿಂತಿದೆ. ಆದ್ರೆ ಈಗ ಚಿಮಣಿಗೆ ಇಟ್ರೆ ಹಡಗಿನ ಹಿಂದೆ ಹಾದು ಹೋಗತ್ತೆ. 800 ಮೀಟರ್ ಇತ್ತು.

ಅಂತರಗಂಗೆ
ಯಾವಾಗ್ಲೂ ಹಿಂದಕ್ಕೇ ಜಾರ್ತಿದ್ರೆ ಎರಡರಲ್ಲೊಂದು. ಟ್ಯೂಬಿನ ಬಾಗಿಲು ಮೊದಲೇ ತೆಗೆದಿದ್ರಾ? ಮುಚ್ಚಿದ್ದಾಗ ಬಿಡೋಕೆ ಹೇಳಿದ್ರೆ ಬಾಗಿಲು ತೆಗೆಯೋ ಹೊತ್ತಲ್ಲಿ ಹಡಗು ಮುಂದೆ ಹೋಗಿರತ್ತೆ. ಕ್ಯೂ ಕೀ ಒತ್ತಿ ತೆಗೆದಿಟ್ಕೊಂಡು ಆಮೇಲೆ ಗುರಿ ಹಿಡೀರಿ.

ಅದಾದ್ಮೇಲೂ ಹಿಂದಕ್ಕೇ ಹೋದ್ರೆ ವೇಗ ಕಮ್ಮಿ ಲೆಕ್ಕಕ್ಕೆ ಬಂದಿದೆ. ಸಬ್‌ಮರೀನ್ ಆದಷ್ಟು ನಿಧಾನ ಮಾಡಿ, ಪೆರಿಸ್ಕೋಪ್ ಅಲ್ಲಾಡಿಸ್ದೆ, ಹಡಗಿನ ಮೂತಿ ಗೆರೆಗೆ ಬಂದಾಗ ಸ್ಟಾಪ್‌ವಾಚ್ ಒತ್ತಿ, ಬಾಲ ದಾಟಿದಾಗ ನಿಲ್ಲಿಸಿ. 160 ಮೀಟರ್ ಹಡಗು 39 ಸೆಕೆಂಡಲ್ಲಿ ದಾಟಿದ್ರೆ 8 ನಾಟ್. ಉದ್ದವನ್ನ ಸೆಕೆಂಡಿಂದ ಭಾಗಿಸಿ 1.94ರಿಂದ ಗುಣಿಸಿ, ಅಷ್ಟೇ.

ಮರಳೂರು_ಮೊಸಳೆ
ಬಾಗಿಲೇ ಸರ್! ತೆಗೆದಿಟ್ಕೊಂಡು ಬಿಟ್ಟೆ, ಚಿಮಣಿ ಕೆಳಗೇ ಬಿತ್ತು. ಹಡಗು ಬೆಂಕಿ ಹತ್ಕೊಂಡು ನಿಂತೇ ಹೋಯ್ತು, ಕಾನ್ವಾಯ್ ಅದನ್ನ ಬಿಟ್ಟು ಮುಂದೆ ಹೋಯ್ತು. ತುಂಬಾ ಥ್ಯಾಂಕ್ಸ್.

ಬಿಹೆಚ್‌ರೋಡ್_ಬ್ಯಾಟರಿ
ಪಿಸ್ತೂಲ್ ಯಾವ್ದಿತ್ತು?

ಮರಳೂರು_ಮೊಸಳೆ
ಇಂಪ್ಯಾಕ್ಟ್.

ನಂದಿತಪ್ಪಲು
ನಾನು ಸೈಲೆಂಟ್ ಹಂಟರ್ 4ರಲ್ಲಿ ಅಮೆರಿಕದ ಸಬ್‌ಮರೀನ್ ಓಡಿಸ್ತೀನಿ. ಅಲ್ಲೂ ಲಾಕ್ ಬಿಡಿಸಿದ್ರೆ ಸಾಕಾ?

ಅಂತರಗಂಗೆ
ಸಾಲಲ್ಲ. ಅಲ್ಲಿ ಪೊಸಿಷನ್ ಕೀಪರ್ ಆನ್ ಇದ್ರೆ ಹಡಗಿನ ಜಾಗ ಅದೇ ಲೆಕ್ಕ ಹಾಕ್ಕೊಂಡು ಹೋಗ್ತಿರತ್ತೆ, ನೀವು ಪೆರಿಸ್ಕೋಪ್ ಸುಮ್ನೆ ತಿರುಗಿಸಿದ್ರೆ ಗುರಿ ಬದಲಾಗಲ್ಲ. ಟಾರ್ಪಿಡೊ ಕೋನ ಸರಿಸೋ ಸ್ಪ್ರೆಡ್ ಡಯಲಲ್ಲಿ ಒಂದೆರಡು ಡಿಗ್ರಿ ಆಚೀಚೆ ಕೊಡ್ಬೇಕು. ಅದಕ್ಕೆ ಬೇರೆ ಥ್ರೆಡ್ ಶುರು ಮಾಡಿ. ಹಡಗು, ದೂರ, ಟಾರ್ಪಿಡೊ, ಮೂರೂ ಮೊದಲ ಪೋಸ್ಟಲ್ಲೇ ಬರೀರಿ.